ಭೋಗಿಯ ದಿನ ಕಾಕಾ ಮಾಡಿದ ಬದನೆಕಾಯಿ

1988ರ ಜನವರಿ. ಸಂಕ್ರಾಂತಿಯ ಹಿಂದಿನ ದಿನ, ಅಂದರೆ ಭೋಗಿ. ನಮ್ಮ ಕಡೆ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ತುಂಬಿದ ಬದನೆಕಾಯಿ, ಕಾಳಿನ ಪಲ್ಯ, ಮೇಲೊಂದು ಮುದ್ದೆ ಬೆಣ್ಣೆ ಆಗಲೇಬೇಕು. ಯಾರನ್ನಾದರೂ ಮನೆಗೆ ಕರೆದು ಉಣಿಸದಿದ್ದರೆ ಹಬ್ಬ ಮಾಡಿದಂತೆಯೇ ಅಲ್ಲ. ಆದರೆ ಈಗ ನಾನಿರುವ ಚಿಕ್ಕೋಡಿಯ ಮನೆಯಲ್ಲಿ ಭೋಗಿಗೆ ಬದನೆಕಾಯಿ ಮಾಡುವುದಿಲ್ಲ. ಸೊಸೆ ಕೇಳಿದಾಗಲೆಲ್ಲ "ನನಗ ವಾಯು ಆಗ್ತೈತಿ ಬಿಡವ್ವಾ" ಎಂದು ಜಾರಿಕೊಳ್ಳುತ್ತೇನೆ. ನಿಜವಾದ ಕಾರಣ ಇದು. ಬರೆದರೆ ಮನಸ್ಸು ಹಗುರಾಗುತ್ತದೆಯೋ ಇಲ್ಲವೋ ಗೊತ್ತಿಲ್ಲ.

ನನ್ನ ತವರು ಐನಾಪುರ. ದ್ರಾಕ್ಷಿ, ಕಬ್ಬಿನ ಒಕ್ಕಲುತನ. ಆಗ ನಾನು ಅಥಣಿಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ರಾಯಬಾಗದ ಕಡೆಯ ಗಂಡು ಗೊತ್ತಾಗಿತ್ತು, ಮದುವೆ ಮಾತ್ರ ಬಾಕಿ. ನಮ್ಮಪ್ಪ ಮಾಳಕರಿ. ಎಂದರೆ ಕೊರಳಲ್ಲಿ ತುಳಸಿ ಮಾಲೆ ಹಾಕಿಕೊಂಡು ಪಂಢರಪುರದ ವಿಠ್ಠಲನಿಗೆ ವಾರಿ, ಅಂದರೆ ಕಾಲ್ನಡಿಗೆಯ ಯಾತ್ರೆ, ಮಾಡುವವನು. ಮಾಲೆ ಬಿದ್ದ ದಿನದಿಂದ ಮಾಂಸ ಇಲ್ಲ, ಹೆಂಡ ಸೆರೆ ಇಲ್ಲ, ಅವೆರಡು ಇರುವ ಮನೆಯಲ್ಲಿ ನೀರೂ ಇಲ್ಲ. ಹಾಗೆಂದು ಅಪ್ಪ ಸಿಡುಕನಲ್ಲ. ಏರಿಸಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ. ಒಂದು ಸಲ ಆಗುವುದಿಲ್ಲ ಎಂದರೆ ಮುಗಿಯಿತು, ಅಷ್ಟೇ.

ಅವನ ಒಬ್ಬನೇ ತಮ್ಮ ಮಾರುತಿ ಕಾಕಾ. ಇವನದು ತೀರಾ ಉಲ್ಟಾ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಮೀರಜದ ಖಾನಾವಳಿಯಲ್ಲಿ ತಟ್ಟೆ ತೊಳೆದ, ಅಲ್ಲಿಂದ ಮುಂಬಯಿಗೆ ಹೋದ, ಮುಂಬಯಿಯಿಂದ ಗ್ರೀಕರ ಸಾಮಾನು ಹಡಗು ಹತ್ತಿ ಅಡುಗೆಯವನ ಕೈಕೆಳಗೆ ಸೇರಿದ. ವರ್ಷಗಟ್ಟಲೆ ಅವನ ಸುದ್ದಿ ಇರುತ್ತಿರಲಿಲ್ಲ. ಕಡೆಗೆ 1985ರಲ್ಲಿ, ಕೂದಲು ಅರ್ಧ ಬೆಳ್ಳಗಾದ ಮೇಲೆ, ಒಂದು ಕಬ್ಬಿಣದ ಟ್ರಂಕು ಹೊತ್ತುಕೊಂಡು ಊರಿಗೆ ಬಂದ. ಮದುವೆಯಾಗಿರಲಿಲ್ಲ. ಊರವರು ಅವನಿಗೆ "ಬೋಟಿನ ಮಾರುತಿ" ಎಂದು ಹೆಸರಿಟ್ಟರು. ನಮ್ಮ ಮನೆಯಿಂದ ಎರಡು ಹೊಲ ದಾಟಿದರೆ ಅವನ ಪಾಲಿನ ದ್ರಾಕ್ಷಿ ತೋಟ. ಇಷ್ಟು ವರ್ಷ ಅಪ್ಪನೇ ಅದನ್ನು ನೋಡಿಕೊಂಡಿದ್ದ. ಅಲ್ಲಿಯೇ ಎರಡು ಖೋಲಿಯ ಮನೆ ಕಟ್ಟಿಕೊಂಡು ಕಾಕಾ ಒಬ್ಬನೇ ಇರತೊಡಗಿದ.

ಆ ಟ್ರಂಕಿನಲ್ಲಿ ಏನಿರಬಹುದೆಂದು ಊರಿಗೆ ಊರೇ ಲೆಕ್ಕ ಹಾಕಿತ್ತು. ಗಡಿಯಾರ ಅಂದರು, ಬಂಗಾರ ಅಂದರು. ತೆರೆದರೆ ಉಣ್ಣೆಯ ಅಂಗಿಗಳಲ್ಲಿ ಕೂಸು ಸುತ್ತಿದ ಹಾಗೆ ಸುತ್ತಿಟ್ಟ ಕೆಲವು ಬಾಟಲಿಗಳು. ಕೆಂಪು ದ್ರಾಕ್ಷಿಯ ವೈನು. ಅವ್ವ ಹಣೆ ಹಣೆ ಬಡಿದುಕೊಂಡಳು. "ಇಷ್ಟ ವರ್ಷ ದುಡದ ಬಂದು ಸೆರೆ ಬಾಟ್ಲಿ ತಂದಿಯೇನೋ ಮಾರುತಿ!"

"ವೈನಿ, ಇದು ಸೆರೆ ಅಲ್ಲ ಬೇ" ಎಂದ ಕಾಕಾ ಅತ್ತಿಗೆಗೆ. "ಸೆರೆ ಕುಡಿಯೋದು ಊಟ ಮರಿಯಾಕ. ಇದನ್ನ ಕುಡಿಯೋದು ಊಟ ನೆನಪಿರಾಕ."

ಅವ್ವನಿಗೆ ಆ ಮಾತು ತಲೆಗೆ ಹತ್ತಲಿಲ್ಲ. ನನಗೆ ಮಾತ್ರ ಕಾಕಾನ ಹುಚ್ಚು ಹಿಡಿಸಿತು. ಮಧ್ಯಾಹ್ನ ಕೆಲಸ ಮುಗಿದರೆ ನಾನು ತೋಟಕ್ಕೆ ಓಡುತ್ತಿದ್ದೆ. ಅವನ ಅಡುಗೆ ಮನೆ ನಮ್ಮ ಯಾರ ಮನೆಯ ಹಾಗೂ ಇರಲಿಲ್ಲ. ಗಂಡಸು ಒಲೆ ಮುಂದೆ ಕೂತರೆ ನಗುವ ಊರಿನಲ್ಲಿ ಅವನು ರಾಜನ ಹಾಗೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಹೆಚ್ಚುತ್ತಲೇ ಹಡಗಿನ ಕತೆ. ಆ ಕತೆಗಳಲ್ಲೆಲ್ಲ ಒಬ್ಬ ಸ್ಟೆಲಿಯೊ ಇದ್ದೇ ಇರುತ್ತಿದ್ದ. ಅವನು ಹಡಗಿನ ದೊಡ್ಡ ಅಡುಗೆಯವನು, ಕಾಕಾನ ಗುರು. ಲಿಮ್ನೋಸ್ ಎಂಬ ನಡುಗಡ್ಡೆಯ ರೈತರ ಮಗ. ಅವರದೂ ದ್ರಾಕ್ಷಿ ತೋಟವಂತೆ. ನಮ್ಮ ಹಾಗೆ ಚಪ್ಪರ ಹಾಕಿದ್ದಲ್ಲ, ಗಾಳಿಗೆ ಹೆದರಿ ನೆಲಕ್ಕೆ ಅವಚಿಕೊಂಡು ಬೆಳೆಯುವ ಬಳ್ಳಿ.

"ಅವರ ದ್ವೀಪದ ಕೆಂಪು ದ್ರಾಕ್ಷಿಗೆ ಲಿಮ್ನಿಯೊ ಅಂತಾರ" ಎಂದು ಕಾಕಾ ಹೇಳುತ್ತಿದ್ದ. "ಹೊರಗಿನವರಿಗೆ ಅದರ ಹೆಸರ ಗೊತ್ತಿಲ್ಲ. ಅವರ ದೇಶದಾಗಿನ ಮಂದಿನ ಎಷ್ಟೋ ಸಲ, ಅದ್ಯಾವದಪ್ಪಾ ಅಂತ ಕೇಳತಿದ್ರು. ಸ್ಟೆಲಿಯೊಗ ಸಿಟ್ಟು ಬರತಿತ್ತು. ನಮ್ಮ ಐನಾಪುರ ಎಲ್ಲೈತಿ ಅಂತ ಮುಂಬಯಿಯಾಗ ಯಾರರೇ ಕೇಳಿದ್ರ ನನಗ ಬರತಿತ್ತಲ್ಲ, ಹಂಗ."

ಕಾಕಾ ಒಂದೊಂದು ವೈನಿನ ಬಗ್ಗೆಯೂ ಬೀಗರ ಮನೆಯ ಮಂದಿಯ ಬಗ್ಗೆ ಮಾತಾಡಿದಂತೆ ಮಾತಾಡುತ್ತಿದ್ದ. ಮಂದಿಲಾರಿಯಾ ಎಂಬುದು ಮಸಿಯಂತೆ ಕಪ್ಪು, ನಾಲಿಗೆಯನ್ನು ಕಚ್ಚುತ್ತದೆ, ಕಾಯಿ ನೇರಳೆ ತಿಂದ ಹಾಗೆ ಒಗರು. ಕೊತ್ಸಿಫಾಲಿ ಅದಕ್ಕೆ ಉಲ್ಟಾ, ಮೆತ್ತಗೆ. ಕ್ರೀಟ್ ದ್ವೀಪದವರು ಇವೆರಡನ್ನೂ ಕೂಡಿಸಿ ವೈನು ಮಾಡುತ್ತಾರಂತೆ. "ಸಿಟ್ಟಿನ ಗಂಡ, ಸಮಾಧಾನದ ಹೆಂಡತಿ. ಸಂಸಾರ ನಡೀತೈತಿ ನೋಡು" ಎಂದು ಕಾಕಾ ನನ್ನ ಮದುವೆಯ ನೆಪ ತೆಗೆದು ಚೇಷ್ಟೆ ಮಾಡುತ್ತಿದ್ದ. ಲಿಯಾತಿಕೊ ಎಂಬುದು ಬಣ್ಣದಲ್ಲಿ ತೆಳುವು, ಆದರೆ ವಾಸನೆಯಲ್ಲಿ ಲವಂಗ, ದಾಲ್ಚಿನ್ನಿ. ಅವನ ಮೆಚ್ಚಿನ ಲಿಮ್ನಿಯೊ ಮಾತ್ರ ಮಸಾಲೆ ಎಲೆಯ ವಾಸನೆಯದು, ಬಾಯಲ್ಲಿ ಜಗಳ ಮಾಡದೆ ಇಳಿಯುವಂಥದ್ದು.

ರವಿವಾರ ಅವನ ಮನೆಯಲ್ಲಿ ಮಟನ್. ಕೊಲ್ಲಾಪುರದ ಕಡೆಯ ಕೆಂಪು ರಸ್ಸಾ, ನೋಡಿದರೇ ಕಣ್ಣಲ್ಲಿ ನೀರು ಬರಬೇಕು. ಅವತ್ತು ತೊಯ್ದ ಗೋಣಿಯಲ್ಲಿ ಸುತ್ತಿ ತಂಪು ಮಾಡಿದ ವೈನನ್ನು ಅರ್ಧ ಲೋಟ ಬಗ್ಗಿಸಿಕೊಳ್ಳುತ್ತಿದ್ದ. ಒಂದು ತುತ್ತು, ಒಂದು ಗುಟುಕು. ಹಡಗಿನಲ್ಲಿ ಮೊದಮೊದಲು ಅವನು ನಮ್ಮ ಖಾರದ ರಸ್ಸಾ ಮಾಡಿ, ಜೊತೆಗೆ ಆ ಮಸಿಯಂಥ ಮಂದಿಲಾರಿಯಾ ಕುಡಿದು ಬಾಯಿ ಸುಟ್ಟುಕೊಂಡಿದ್ದನಂತೆ. ಆಗ ಸ್ಟೆಲಿಯೊ ಬೈದು ಕಲಿಸಿದ ಪಾಠವನ್ನು ಕಾಕಾ ನನಗೆ ಒಪ್ಪಿಸುತ್ತಿದ್ದ. "ಖಾರಕ್ಕ ಒಗರು ಕೂಡಸಬಾರದು ನೋಡು. ಒಂದಕ್ಕೊಂದು ಹಾಯತಾವ. ಒಗರಿನ ವೈನಿಗೆ ಕೊಬ್ಬಿನ ಕುರಿ ಬೇಕು, ಖಾರ ಕಡಿಮಿ ಇರಬೇಕು. ಖಾರ, ಮಸಾಲಿ ಇದ್ದಲ್ಲಿ ಮೆತ್ತನ್ನ ಹಣ್ಣಿನ ವೈನು. ಸಿಟ್ಟಾದಾವನ ಮುಂದ ನಾವು ಮೆತ್ತಗ ಮಾತಾಡ್ತೇವಲ್ಲ, ಹಂಗ."

ನಾನು ಒಂದು ಹನಿಯನ್ನೂ ಕುಡಿಯಲಿಲ್ಲ, ಅವನು ಕೊಡಲೂ ಇಲ್ಲ. ಬಾಟಲಿಯ ಬಿರಡೆ ಮಾತ್ರ ಮೂಸಲು ಕೊಡುತ್ತಿದ್ದ. ಮಳೆಗಾಲದಲ್ಲಿ ಒಣದ್ರಾಕ್ಷಿಯ ಚೀಲ ಬಿಚ್ಚಿದರೆ ಬರುವಂಥ ವಾಸನೆ.

ಇಷ್ಟೆಲ್ಲ ನಗುವ ಮನುಷ್ಯನಿಗೆ ಒಂದೇ ಕೊರಗಿತ್ತು. ಅಪ್ಪ ಅವನ ಮನೆಯಲ್ಲಿ ಏನನ್ನೂ ಮುಟ್ಟುತ್ತಿರಲಿಲ್ಲ. ದಿನಾ ಸಂಜೆ ತೋಟಕ್ಕೆ ಬರುತ್ತಿದ್ದ, ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದ, ಔಷಧ ಹೊಡೆಯುವುದು, ಬಳ್ಳಿ ಕತ್ತರಿಸಿ ಚಾಟಣಿ ಮಾಡುವುದು, ವ್ಯಾಪಾರಿ ಹೇಳಿದ ದರ ಎಲ್ಲ ಮಾತಾಡುತ್ತಿದ್ದ. ಕಾಕಾ ಪ್ರತಿ ಸಲವೂ "ಚಾ ಮಾಡ್ಲೇನ ಅಣ್ಣಾ?" ಎನ್ನುತ್ತಿದ್ದ. ಅಪ್ಪ ಪ್ರತಿ ಸಲವೂ "ಈಗ ಕುಡದ ಬಂದೇನಿ" ಎನ್ನುತ್ತಿದ್ದ. ಕುಡಿದು ಬಂದಿರುತ್ತಿರಲಿಲ್ಲ. ಅದು ಕಾಕಾನಿಗೂ ಗೊತ್ತು.

ಒಂದು ದಿನ ಕಾಕಾ ನನ್ನ ಹತ್ತಿರ ಬಾಯಿಬಿಟ್ಟ. "ನಾವಿಬ್ಬರೂ ಒಂದ ಗಂಗಾಳದಾಗ ಉಂಡು ಬೆಳದೇವಿ. ತನ್ನ ಪಾಲಿನ ಬೆಣ್ಣಿ ನನ್ನ ಕಡೆ ಸರಸ್ತಿದ್ದ. ಸಮುದ್ರದಾಗ ಯಾವ ಚಂದನ ಅಡಗಿ ಮಾಡಿದ್ರೂ, ಇದನ್ನ ಅಣ್ಣಗ ಒಮ್ಮೆ ಬಡಿಸಬೇಕು ಅನಸ್ತಿತ್ತು. ಈಗ ಎರಡ ಹೊಲದ ದೂರದಾಗ ಅದಾನ. ಒಂದ ಚಾ ಕುಡಿಸಾಕ ಆಗವಲ್ಲದು ನನಗ."

ಉಪಾಯ ಹೇಳಿದವಳು ಅವ್ವ. ಭೋಗಿಗೆ ಯಾರ ಮನೆಯಲ್ಲೂ ಮಾಂಸ ಬೇಯುವುದಿಲ್ಲ. ಅವತ್ತು ಕರೆದರೆ ಬರಬಹುದು, ಆದರೆ ಅದಕ್ಕೂ ಮೊದಲು ಮನೆ ಶುದ್ಧವಾಗಬೇಕು ಎಂದಳು. ಕಾಕಾ ಆ ಮಾತನ್ನು ಹಿಡಿದುಕೊಂಡ ರೀತಿ ನೋಡಬೇಕಿತ್ತು. ದೀಪಾವಳಿ ಕಳೆದ ಮೇಲೆ ಅವನ ಮನೆಯಲ್ಲಿ ಮಟನ್ ನಿಂತೇಹೋಯಿತು. ಗೋಡೆಗೆ ಸುಣ್ಣ ಬಳಿದ. ಒಲೆ ಕಿತ್ತು ಹೊಸದು ಹಾಕಿಸಿದ. ಹಳೆಯ ಪಾತ್ರೆಗಳನ್ನೆಲ್ಲ ಮೋಟಾರಿನ ಖೋಲಿಗೆ ಸಾಗಿಸಿ, ಅಥಣಿ ಸಂತೆಯಿಂದ ಹೊಸ ಗಡಿಗೆ, ಹೊಸ ತಾಟು ತಂದ. ಬಂದು ಅಪ್ಪನ ಮುಂದೆ ಕೈಕಟ್ಟಿ ನಿಂತ.

"ಅಣ್ಣಾ, ಭೋಗಿಗೆ ನಮ್ಮಲ್ಲೆ ಊಟಕ್ಕ ಬಾ. ನಿನ್ನ ಮಾಲಿಗೆ ಎಷ್ಟೂ ಧಕ್ಕಿ ಆಗಂಗಿಲ್ಲ. ಗಡಿಗಿ ಸೈತ ಹೊಸಾದು."

ಅಪ್ಪ ಕೊರಳಿನ ಮಾಲೆ ಮುಟ್ಟಿಕೊಂಡ. ಆಮೇಲೆ "ಬದ್ನಿಕಾಯಿ ಮಾಡ್ತಿಯೇನ?" ಎಂದ. ಅದು ಒಪ್ಪಿಗೆ. ಕಾಕಾ ಮನೆಗೆ ಹೋಗುವಾಗ ಚಿಕ್ಕ ಹುಡುಗನಂತೆ ಬದುವಿನ ಮೇಲೆ ಹಾರಿ ಹಾರಿ ನಡೆದದ್ದು ನನಗೆ ಈಗಲೂ ಕಾಣುತ್ತದೆ.

ಭೋಗಿಯ ದಿನ ಬೆಳಿಗ್ಗೆಯೇ ನಾನು, ಅವ್ವ ತೋಟಕ್ಕೆ ಹೋದೆವು. ಅವ್ವ ರೊಟ್ಟಿಗೆ ಕೂತಳು. ಬದನೆಕಾಯಿ ಕಾಕಾನದೇ ಪಾಲು, ಅದಕ್ಕೆ ಯಾರನ್ನೂ ಕೈಹಾಕಲು ಬಿಡಲಿಲ್ಲ. ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಬೇರೆಬೇರೆ ಹುರಿದ. ಮಸಾಲೆ ಖಾರ, ಹುಣಸೆ, ಚೂರು ಬೆಲ್ಲ ಹಾಕಿ ಅರೆದ. ಎಳೆ ಬದನೆಕಾಯಿಯನ್ನು ತೊಟ್ಟು ಬಿಡದಂತೆ ಸೀಳಿ ತುಂಬಿದ. ಗ್ರೀಕರೂ ಬದನೆಕಾಯಿ ಎಂದರೆ ಪ್ರಾಣ ಬಿಡುತ್ತಾರೆ, ಅವರೂ ದಾಲ್ಚಿನ್ನಿ ಹಾಕಿ ಹೊತ್ತುಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ ಎಂದೆಲ್ಲ ಹೇಳುತ್ತಿದ್ದ. ನನ್ನನ್ನು ಕರಿಬೇವು ತರಲು ಕಳಿಸಿದ. ನಾನು ಬರುವಷ್ಟರಲ್ಲಿ ಗಡಿಗೆಯ ಬಾಯಿಗೆ ತಾಟು ಮುಚ್ಚಿ ಆಗಿತ್ತು. ತೋಟದ ತುಂಬ ವಾಸನೆ. ಅದರಲ್ಲಿ ನನಗೆ ತಿಳಿಯದ್ದೇನೋ ಇತ್ತು. ಹಡಗಿನ ಮಸಾಲೆ ಇರಬೇಕು ಎಂದುಕೊಂಡೆ, ಕೇಳಲಿಲ್ಲ.

ಅಪ್ಪ ಬಿಳಿ ಧೋತರ ಉಟ್ಟು, ಹಣೆಗೆ ಬುಕ್ಕದ ಕಪ್ಪು ಪುಡಿ ಹಚ್ಚಿಕೊಂಡು ಬಂದ. ಆ ಮನೆಯ ಹೊಸ್ತಿಲನ್ನು ಅವನು ದಾಟಿದ್ದು ಅದೇ ಮೊದಲು. ಕಾಕಾ ಕಾಲಿಗೆ ನೀರು ಕೊಟ್ಟ. ಮಣೆ ಹಾಕಿದ. ಅಪ್ಪ ಕೂತು, "ನಿನ್ನ ತಾಟ ಎಲ್ಲೈತಿ?" ಎಂದು ಕೇಳಿದ. "ಮೊದಲ ನೀ ಉಣ್ಣು" ಎಂದರೆ ಕೇಳಲಿಲ್ಲ. ಅಣ್ಣ ತಮ್ಮ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಅಪ್ಪ ತನ್ನ ತಾಟಿನ ಬೆಣ್ಣೆಯಲ್ಲಿ ಅರ್ಧ ಮುರಿದು ಕಾಕಾನ ತಾಟಿಗೆ ಹಾಕಿದ. ಕಾಕಾ ತಲೆ ತಗ್ಗಿಸಿಬಿಟ್ಟ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅಪ್ಪ ಊಟಕ್ಕೆ ಕೂತರೆ ಮಾತಾಡುವವನಲ್ಲ, ರುಚಿಯ ಬಗ್ಗೆಯಂತೂ ಇಲ್ಲವೇ ಇಲ್ಲ. ಅವ್ವ ಉಪ್ಪು ಮರೆತರೂ ಉಂಡು ಏಳುವ ಮನುಷ್ಯ. ಅವತ್ತು ಮೊದಲ ತುತ್ತಿಗೇ ತಲೆ ಎತ್ತಿ ಕಾಕಾನ ಮುಖ ನೋಡಿದ. ಇನ್ನೊಂದು ಬದನೆಕಾಯಿ ಹಾಕಿಸಿಕೊಂಡ. ಹಣೆಯ ಮೇಲೆ ಬೆವರು ಬಂತು, ಒರೆಸಿಕೊಂಡು ಮತ್ತೆ ತಾಟು ಮುಂದೆ ಹಿಡಿದ. "ರಸಾ ಹಾಕವ್ವಾ, ಇನ್ನಷ್ಟ ಹಾಕು" ಎಂದು ಬಡಿಸುತ್ತಿದ್ದ ನನಗೆ ಹೇಳಿದ. ಅಪ್ಪ ಬಾಯಿಬಿಟ್ಟು ಕೇಳಿ ಹಾಕಿಸಿಕೊಂಡು ಉಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನಮ್ಮವ್ವ ಮಾಡತಿದ್ಲು ನೋಡು, ಅದಕ್ಕಿಂತ ಒಂದ ಕೈ ಮ್ಯಾಲ ಆಗೈತಿ" ಎಂದ ಅಪ್ಪ. "ಏನ್ ಹಾಕೀಯೋ ಮಾರುತಿ ಇದರಾಗ?"

ಕಾಕಾ ಸುಳ್ಳು ಹೇಳಬಹುದಿತ್ತು. ಮಸಾಲಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವನು ಈ ಪ್ರಶ್ನೆಗೇ ಕಾದು ಕೂತಿದ್ದ. ಎಂಜಲು ಕೈಯಲ್ಲೇ ಎದ್ದು ಒಳಗೆ ಓಡಿ, ಮುಕ್ಕಾಲು ಖಾಲಿಯಾದ ಒಂದು ಬಾಟಲಿ ತಂದು ಅಪ್ಪನ ಎದುರಿಗೆ ಹಿಡಿದ. ಅವನ ಮುಖ ಹೊಳೆಯುತ್ತಿತ್ತು.

"ಇದು ಅಣ್ಣಾ! ಲಿಮ್ನಿಯೊ. ಸ್ಟೆಲಿಯೊನ ಅಪ್ಪ ತನ್ನ ಕೈಯಿಂದ ಮಾಡಿದ್ದು. ಟ್ರಂಕಿನ್ಯಾಗಿನ ಕಡೀ ಬಾಟ್ಲಿ. ನಾ ಇದನ್ನ ಮುಟ್ಟಿಲ್ಲ, ನಿನಗಂತ ಎತ್ತಿಟ್ಟಿದ್ದೆ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅಪ್ಪನ ಕೈ ತಾಟಿನಲ್ಲೇ ಉಳಿಯಿತು. ಬಾಟಲಿ ನೋಡಿದ, ತಾಟು ನೋಡಿದ, ಮತ್ತೆ ಬಾಟಲಿ ನೋಡಿದ.

"ಇದು ಸೆರೆ ಅಲ್ಲೇನೋ?" ಎಂದ, ಬಹಳ ಸಣ್ಣ ದನಿಯಲ್ಲಿ.

ಕಾಕಾನಿಗೆ ಆಗಷ್ಟೇ ತಿಳಿಯಿತೆಂದು ಕಾಣುತ್ತದೆ. ಗಾಬರಿಯಿಂದ ಒಂದರ ಮೇಲೊಂದು ಮಾತು. "ಇಲ್ಲ ಅಣ್ಣಾ, ಕುದ್ದೈತಿ. ತಾಸಗಟ್ಟಲೆ ಕುದ್ದೈತಿ. ನಿಶಾ ಅನ್ನೋದು ಉಗಿ ಜೋಡಿ ಹಾರಿ ಹೋಗ್ತೈತಿ, ಬರೇ ಹಣ್ಣಿನ ರಸಾ ಉಳಿತೈತಿ. ದ್ರಾಕ್ಷಿ ಅಣ್ಣಾ, ನಾವು ಬೆಳಿಯೋ ದ್ರಾಕ್ಷಿನ. ಮತ್ತ ನೀ ದಿನಾ ಊಟಾದ ಮ್ಯಾಲ ಎರಡ ಚಮಚಾ ದ್ರಾಕ್ಷಾಸವ ಕುಡಿತಿಯಲ್ಲ? ಅದೂ ದ್ರಾಕ್ಷಿ ಕೊಳಸಿ ಮಾಡಿದ್ದ ಅಲ್ಲೇನ? ಅದಕ್ಕ ನಿನ್ನ ಮಾಲಿ ಏನೂ ಅನ್ನಂಗಿಲ್ಲಲ್ಲ?"

ಅದು ಸುಳ್ಳಲ್ಲ. ಅಪ್ಪನಿಗೆ ಪಚನ ಸರಿಯಿರಲಿಲ್ಲ. ಮೀರಜದ ವೈದ್ಯರು ಕೊಟ್ಟ ದ್ರಾಕ್ಷಾಸವದ ಬಾಟಲಿ ನಮ್ಮ ಮನೆಯ ಗೂಡಿನಲ್ಲಿ ಯಾವತ್ತೂ ಇರುತ್ತಿತ್ತು. ಊರಿನ ಮಾಳಕರಿಗಳೆಲ್ಲ ಕುಡಿಯುತ್ತಿದ್ದರು, ಬಾಣಂತಿಯರಿಗೂ ಕೊಡುತ್ತಿದ್ದರು. ಕಾಕಾ ತನ್ನೊಳಗೆ ಅದನ್ನೇ ಲೆಕ್ಕ ಹಾಕಿದ್ದ. ಅದು ನಡೆದರೆ ಇದೂ ನಡೆಯುತ್ತದೆ. ಊರು ಬಿಟ್ಟು ಅಷ್ಟು ವರ್ಷವಾಗಿದ್ದರಿಂದ ಇದು ಕೇಳಿ ಹಾಕುವ ವಸ್ತು ಎಂದು ಅವನಿಗೆ ಹೊಳೆಯಲೇ ಇಲ್ಲ. ಹಿಂಗು ಹಾಕಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಅಪ್ಪ ಅವನಿಗೆ ಬೈಯಲಿಲ್ಲ. "ಮಾರುತಿ" ಎಂದ. "ಅದನ್ನ ಮೂಗ ಮುಚ್ಚಿಕೊಂಡ ಕುಡಿತೇನಿ. ಔಷಧ ಅಂತ ಕುಡಿತೇನಿ. ಇದನ್ನ ಕೇಳಿ ಕೇಳಿ ಹಾಕಿಸ್ಕೊಂಡ ಉಂಡೇನಿ. ಭಾಳ ಚಲೋ ಹತ್ತಿತು ನನಗ. ಅದಕ್ಕ ಏನ್ ಹೇಳ್ಲಿ ನಾ ವಿಠ್ಠಲಗ?"

ತಾಟಿನಲ್ಲಿ ಅನ್ನ ಬಿಟ್ಟು ಏಳಬಾರದು ಎಂದು ನಮಗೆ ಕಲಿಸಿದವನೇ ಅಪ್ಪ. ತಾಟಿಗೆ ಕೈಮುಗಿದು ಎದ್ದ. ಹೊರಗೆ ಹೋಗಿ ಕೈ ತೊಳೆದು, ಕೊರಳಿಗೆ ಕೈಹಾಕಿ ತುಳಸಿ ಮಾಲೆ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡ. ಮಾಲೆಯವರು ನೇಮ ಮುರಿದರೆ ಅದನ್ನು ಕಳಚಬೇಕು, ಮತ್ತೆ ಗುರುಗಳ ಕೈಯಿಂದಲೇ ಹಾಕಿಸಿಕೊಳ್ಳಬೇಕು. ನಾನು ಹುಟ್ಟಿದಾಗಿನಿಂದ ಆ ಮಾಲೆಯಿಲ್ಲದ ಅಪ್ಪನ ಕೊರಳನ್ನು ನೋಡಿರಲಿಲ್ಲ. ಬಿಸಿಲು ಕಾಣದ ಬಿಳಿ ಗೆರೆಯೊಂದು ಅಲ್ಲಿ ಇತ್ತು. ಕಾಕಾ ಹೊಸ್ತಿಲಲ್ಲಿ ನಿಂತು "ಅಣ್ಣಾ, ಅಣ್ಣಾ" ಎನ್ನುತ್ತಲೇ ಇದ್ದ. ಅಪ್ಪ ತಿರುಗಿ ನೋಡದೆ ಬದುವಿನ ಮೇಲೆ ನಡೆದುಹೋದ.

ಅವತ್ತು ನಾವು ಯಾರೂ ಉಣ್ಣಲಿಲ್ಲ. ಕಾಕಾ ಗಡಿಗೆಯ ಮುಂದೆ ಕೂತು, "ನಾ ಏನರೇ ಕೆಟ್ಟದ್ದ ಹಾಕಿದ್ನೇನ್ರಿ ವೈನಿ? ಇದ್ದದ್ರಾಗ ಚಲೋದ್ದ ಹಾಕಿದ್ನಲ್ಲ" ಎಂದು ಅವ್ವನನ್ನು ಕೇಳಿದ. ಅವ್ವ ಒಲೆಯ ಕಟ್ಟಿಗೆ ಹಿರಿದು ನೀರು ಚಿಮುಕಿಸಿದಳು.

ಮರುದಿನ ಸಂಕ್ರಾಂತಿ. ಊರೆಲ್ಲ ಎಳ್ಳುಬೆಲ್ಲ ಹಂಚುತ್ತಿದ್ದರೆ ಅಪ್ಪ ಬಸ್ಸು ಹತ್ತಿ ಪಂಢರಪುರಕ್ಕೆ ಹೋದ. ತಿಳಿಯದೆ ಆದದ್ದಕ್ಕೆ ದೋಷವಿಲ್ಲ ಎಂದು ಅಲ್ಲಿಯ ಗುರು ಮಹಾರಾಜರು ಸಮಾಧಾನ ಹೇಳಿ ಹೊಸ ಮಾಲೆ ಹಾಕಿದರಂತೆ. ಬಂದ ಮೇಲೆ ಅಪ್ಪ ಮೊದಲಿನ ಹಾಗೆಯೇ ಸಂಜೆ ತೋಟಕ್ಕೆ ಹೋದ, ಕಟ್ಟೆಯ ಮೇಲೆ ಕೂತ, ಔಷಧ, ದರ ಎಲ್ಲ ಮಾತಾಡಿದ. ಜಗಳವೇನೂ ಇರಲಿಲ್ಲ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಮುಗಿಸಲು ಒಂದು ದಾರಿ ಇರುತ್ತಿತ್ತು. ಕಾಕಾ ಮಾತ್ರ "ಚಾ ಮಾಡ್ಲೇನ" ಎಂದು ಕೇಳುವುದನ್ನು ಬಿಟ್ಟುಬಿಟ್ಟ.

ಊರಿನ ಬಾಯಿ ಸುಮ್ಮನಿರುತ್ತದೆಯೇ? ಬೋಟಿನ ಮಾರುತಿ ಅಣ್ಣನಿಗೆ ಸೆರೆ ಕುಡಿಸಿ ಮಾಲೆ ಕಳಚಿಸಿದ ಎಂದು ಸುದ್ದಿಯಾಯಿತು. ಒಬ್ಬರು ಕುಡಿಸಿದ ಎಂದರೆ ಇನ್ನೊಬ್ಬರು ಬೇಕಂತಲೇ ಕುಡಿಸಿದ ಎಂದರು. ಹಿಟ್ಟಿನ ಗಿರಣಿಯಲ್ಲಿ ನಾನೇ ಒಬ್ಬಳ ಜೊತೆ ಜಗಳಾಡಿ ಬಂದೆ. ಅಪ್ಪ ಯಾರೆದುರೂ ಕಾಕಾನ ವಿರುದ್ಧ ಒಂದು ಮಾತು ಆಡಲಿಲ್ಲ. ಆದರೆ "ಹಂಗಲ್ಲ, ಅವನ ಮನಸ್ಸಿನ್ಯಾಗ ಕೆಟ್ಟದ್ದ ಇರಲಿಲ್ಲ" ಎಂದೂ ಹೇಳಲಿಲ್ಲ. ಆ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ಊರು ತೆಪ್ಪಗಾಗುತ್ತಿತ್ತು. ಅಪ್ಪನ ಮೇಲೆ ನನಗೆ ಸಿಟ್ಟು ಬಂದದ್ದು ಅದಕ್ಕಾಗಿಯೇ. ನಾನು ಅವನನ್ನು ಎಷ್ಟು ಪ್ರೀತಿಸುತ್ತಿದ್ದೆನೋ ಅಷ್ಟೇ ಸಿಟ್ಟು.

ಅದೇ ವರ್ಷ ನನ್ನ ಮದುವೆಯಾಗಿ ರಾಯಬಾಗಕ್ಕೆ ಹೋದೆ. ಒಂದು ನಾಗಪಂಚಮಿಗೆ ತವರಿಗೆ ಬಂದಾಗ ಕಾಕಾ ಬಹಳ ಬದಲಾಗಿದ್ದ. ಮಟನ್ ಇಲ್ಲ, ಮೀನಿಲ್ಲ. ಬೇರೆ ಬಾಟಲಿಯನ್ನೂ ತರಲಿಲ್ಲ. "ನಾನೂ ಮಾಲಿ ಹಾಕ್ಕೊಂತೇನವ್ವಾ" ಎಂದ. ನಾನು ನಕ್ಕೆ, ಅವನು ನಗಲಿಲ್ಲ. "ಮಾಲಿ ಇದ್ದಾವ ಮಾಲಿ ಇದ್ದಾವನ ಮನ್ಯಾಗ ಉಣ್ಣಬೇಕಲ್ಲ?"

ಸಂಜೆ ಅಪ್ಪ ಕಟ್ಟೆಗೆ ಬಂದಾಗ ಅವನ ಎದುರಿಗೂ ಅದನ್ನೇ ಹೇಳಿದ. ನಾನು ಅಲ್ಲಿಯೇ ಇದ್ದೆ. ಅಪ್ಪನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅಪ್ಪ ನೆಲ ನೋಡುತ್ತ, "ಯಾರಿಗಾಗಿ ಹಾಕ್ಕೊಂತಿ?" ಎಂದ.

"ನಿನಗಾಗಿ ಅಣ್ಣಾ."

"ಹಂಗಾದ್ರ ಬ್ಯಾಡ. ಮಾಲಿ ವಿಠ್ಠಲಗ ಹಾಕ್ಕೊಳ್ಳೋದು. ನನ್ನನ್ನ ಊಟಕ್ಕ ಕರಿಯಾಕ ಹಾಕ್ಕೊಂಡ್ರ ಅದು ವೇಷ ಆಕ್ಕೈತಿ."

ಕಾಕಾ ಹೂಂ ಎಂದ. ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಕೀರ್ತನೆಯಲ್ಲಿ ಹೇಳಿದ್ದರೆ ಎಲ್ಲರೂ ತಲೆದೂಗುತ್ತಿದ್ದರು. ಆದರೆ ಆ ಸಂಜೆ ನನಗೆ ಕಿರುಚಬೇಕು ಅನಿಸಿತ್ತು. ದೇವರಿಗಾಗಿ ಬಿಡುವವರು ಬೇಕಾದಷ್ಟು ಜನ ಇದ್ದಾರೆ. ಒಬ್ಬ ಅಣ್ಣನಿಗಾಗಿ ಬಿಡುತ್ತೇನೆ ಎಂದರೆ ವಿಠ್ಠಲ ಏನು ಬೇಡ ಅನ್ನುತ್ತಿದ್ದನೇ? ಕಾಕಾ ಮಾಲೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳದೆಯೇ ಮಾಳಕರಿಯ ಹಾಗೆ ಬದುಕಿದ. ಹಡಗಿನ ಕತೆಗಳೂ ನಿಂತವು.

1994ರ ಬೇಸಿಗೆ. ದ್ರಾಕ್ಷಿ ಕೊಯ್ದು ಮುಗಿದಿತ್ತು. ಬೆಳಿಗ್ಗೆ ತೋಟದಲ್ಲಿ ಎದೆ ಹಿಡಿದುಕೊಂಡು ಕೂತ ಕಾಕಾನನ್ನು ಜೀಪಿನಲ್ಲಿ ಮೀರಜಕ್ಕೆ ಒಯ್ಯುವಾಗ ಕಾಗವಾಡ ದಾಟುವುದರೊಳಗೆ ಎಲ್ಲ ಮುಗಿದುಹೋಯಿತು. ನಾನು ರಾಯಬಾಗದಿಂದ ಬರುವಷ್ಟರಲ್ಲಿ ಅವನನ್ನು ಅಂಗಳದಲ್ಲಿ ಮಲಗಿಸಿದ್ದರು. ಅಪ್ಪ ತಲೆಯ ಹತ್ತಿರ ಕೂತಿದ್ದ, ಅಳುತ್ತಿರಲಿಲ್ಲ. ಕಾಕಾನ ಮುಖದ ಮೇಲೆ ಕೂರಲು ಬಂದ ನೊಣಗಳನ್ನು ಟವೆಲ್‌ನಿಂದ ಓಡಿಸುತ್ತಿದ್ದ.

ನಮ್ಮಲ್ಲಿ ಮೂರನೆಯ ದಿನ ಎಡೆ ಇಡುತ್ತಾರೆ. ಸತ್ತವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ ಅವರ ಮುಂದೆ ಬಡಿಸಬೇಕು. ಕಾಕಾನ ಮನೆಯ ಮುಂದೆ ಊರಿನ ಹಿರಿಯರು, ನೆಂಟರು ಸೇರಿದ್ದರು. ಅವರಲ್ಲೊಬ್ಬರು ಅಪ್ಪನಿಗೆ, "ಮಾರುತಿಗೆ ಏನೇನ ಸೇರ್ತಿತ್ತು, ಹೇಳ್ರಿ. ಹೆಣ್ಣಮಕ್ಕಳು ಒಲಿ ಹಚ್ಚತಾರ" ಎಂದರು. ಹಿರಿಯ ಅಣ್ಣ ಅವನೇ. ಹೇಳಬೇಕಾದವನೂ ಅವನೇ.

ಅಪ್ಪ ಬಾಯಿ ತೆರೆದ. "ಸಣ್ಣಾಂವ ಇದ್ದಾಗ ಬೆಲ್ಲ ಹಚ್ಚಿದ ರೊಟ್ಟಿ ಬೇಡ್ತಿದ್ದ" ಎಂದ. ಎಲ್ಲರೂ ಮುಂದಿನದಕ್ಕೆ ಕಾದರು. ಮುಂದಿನದು ಬರಲಿಲ್ಲ. ಅಪ್ಪ ನಿಧಾನವಾಗಿ ಎದ್ದು ಒಳಗೆ ಬಂದ. ನಾನು ಅಡುಗೆ ಮನೆಯಲ್ಲಿದ್ದೆ. ಬಾಗಿಲು ಸ್ವಲ್ಪ ಮುಂದೂಡಿ, ಹೊರಗಿನವರಿಗೆ ಕೇಳದ ಹಾಗೆ ಕೇಳಿದ.

"ಅವಂಗ ಏನ್ ಸೇರ್ತಿತ್ತವ್ವಾ? ನಿನಗ ಗೊತ್ತಿರಬೇಕು."

ನನಗೆ ಎಲ್ಲ ಗೊತ್ತಿತ್ತು. ಹುರಿದ ಮೆಣಸಿನಕಾಯಿ ಇಟ್ಟು ಅರೆದ ಶೇಂಗಾ ಚಟ್ನಿ ಎಂದೆ. ತುಪ್ಪ ಸುರಿದ ಬಿಸಿ ಅನ್ನ, ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆಯ ತೆಳು ಸಾರು. ತೊಗರಿಬೇಳೆ ಹೆಚ್ಚಾಗಿ ಹಾಕಿದ ಮೆಂತ್ಯೆ ಪಲ್ಯ. ಗಟ್ಟಿ ಮೊಸರು, ಆದರೆ ಹುಳಿಯಾಗಿರಬಾರದು. ಊಟದ ಕಡೆಗೆ ಒಂದು ಚೂರು ಬೆಲ್ಲ. ಇನ್ನೂ ಹೇಳಬೇಕೆಂದವಳು ಒಲೆಯ ಕಡೆ ತಿರುಗಿದೆ. ಅಪ್ಪ ಪಾಠ ಒಪ್ಪಿಸಬೇಕಾದ ಶಾಲೆಯ ಹುಡುಗನ ಹಾಗೆ ತುಟಿ ಅಲ್ಲಾಡಿಸುತ್ತ ಒಂದೊಂದನ್ನೂ ತನ್ನೊಳಗೆ ಹೇಳಿಕೊಂಡ. ಆಮೇಲೆ ಹೊರಗೆ ಹೋದ.

ಬಾಗಿಲ ಸಂದಿಯಿಂದ ನನಗೆ ಅವನ ದನಿ ಕೇಳುತ್ತಿತ್ತು. "ನಮ್ಮ ಮಾರುತಿಗೆ ಶೇಂಗಾ ಚಟ್ನಿ ಅಂದ್ರ ಜೀವ ನೋಡ್ರಿ. ಮೊಸರು ಹುಳಿ ಇರಬಾರದು ಅವಂಗ. ಬಿಸಿ ಅನ್ನಕ್ಕ ತುಪ್ಪ ಬೇಕ ಬೇಕು" ಎಂದು ಹೇಳುತ್ತಿದ್ದ, ದಿನಾ ಜೊತೆಗೆ ಕೂತು ಉಂಡವನ ಹಾಗೆ. ಹಿರಿಯರು ಹೌದು ಹೌದು ಎನ್ನುತ್ತಿದ್ದರು. ನಾನು ಒಲೆಯ ಮುಂದೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಅಪ್ಪನೂ ಈಗಿಲ್ಲ. ಅವರಿಬ್ಬರಲ್ಲಿ ಯಾರು ತಪ್ಪು ಎಂದು ನಾನು ಹೇಳಲಾರೆ, ಇಬ್ಬರೂ ನನ್ನವರೇ. ಒಬ್ಬ ತನ್ನ ಹತ್ತಿರ ಇದ್ದ ಅತ್ಯಂತ ಒಳ್ಳೆಯದನ್ನು ಬಡಿಸಿದ, ಇನ್ನೊಬ್ಬ ತನ್ನ ಕೊರಳಿನ ಮಾಲೆಯ ಮಾತಿಗೆ ನಿಂತ. ಆದರೆ ತಮ್ಮನಿಗೆ ಹುಳಿ ಮೊಸರು ಸೇರುವುದಿಲ್ಲ ಎಂದು ಅಪ್ಪನಿಗೆ ತಿಳಿದದ್ದು ಅವನನ್ನು ಸುಟ್ಟು ಬಂದ ಮೇಲೆ. ಅದೂ ಮಗಳ ಬಾಯಿಂದ.